ಪ್ರೆಸ್ಸಿನ ಗೋಡೆಯ ಮೇಲಿನ ಮೂವತ್ತನಾಲ್ಕು ನಂಬರು

ನನ್ನದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರು. ರೈತ ಸಂಘದ ಧರಣಿ ಕರಪತ್ರ ಇಲ್ಲೇ, ವರ್ತಕರ ಸಂಘದ್ದೂ ಇಲ್ಲೇ. ಗಣಪತಿ ಸಮಿತಿಯ ರಸೀದಿ ಪುಸ್ತಕವೂ ಮಸೀದಿಯ ರಂಜಾನ್ ವೇಳಾಪಟ್ಟಿಯೂ ಒಂದೇ ಮಷೀನಿನಲ್ಲಿ ಆಗುತ್ತವೆ. ಒಬ್ಬರ ಮುಖ ಒಬ್ಬರು ನೋಡದವರೂ ನನ್ನ ಬಾಕಿ ಪುಸ್ತಕದಲ್ಲಿ ಅಕ್ಕಪಕ್ಕ ಇದ್ದಾರೆ. ಊರಿನ ಸಂಘಗಳನ್ನೆಲ್ಲ ಒಂದು ಕಡೆ ಸೇರಿಸಬೇಕು ಅಂದಾಗ ಕೆಲಸ ನನ್ನ ತಲೆಗೆ ಬಂದದ್ದು ಇದೇ ಕಾರಣಕ್ಕೆ. ನಾನು ದೊಡ್ಡ ಗಾಂಧಿವಾದಿ ಏನಲ್ಲ. ನನ್ನ ಹತ್ತಿರ ಎಲ್ಲರ ಫೋನ್ ನಂಬರಿತ್ತು, ಅಷ್ಟೇ.

2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಹಿಂಸೆ ಕೊಟ್ಟು ಕೊಂದಿದ್ದಾರೆ ಎಂಬ ಸುದ್ದಿ ಮೊಬೈಲಿಂದ ಮೊಬೈಲಿಗೆ ಓಡಿತು. ಕುಮಟಾದಲ್ಲಿ ಗಲಭೆ ಆಯಿತು, ಮರುದಿನ ಶಿರಸಿಯಲ್ಲಿ. ಅದು ಆಕಸ್ಮಿಕ ಸಾವು ಎಂದು ಸಿಬಿಐ ಕೋರ್ಟಿಗೆ ವರದಿ ಕೊಟ್ಟದ್ದು 2022ರಲ್ಲಿ! 2018ರ ಜನವರಿ 3ರಂದು ಸುರತ್ಕಲ್ ಬಳಿಯ ಕಾಟಿಪಳ್ಳದಲ್ಲಿ ಒಬ್ಬ ಹುಡುಗನ ಕೊಲೆಯಾಯಿತು. ಅದೇ ರಾತ್ರಿ ಮಂಗಳೂರಿನಲ್ಲಿ ಇನ್ನೊಬ್ಬರ ಮೇಲೆ ದಾಳಿಯಾಗಿ, ನಾಲ್ಕು ದಿನಕ್ಕೆ ಅವರೂ ತೀರಿಕೊಂಡರು. ಶಿರಸಿ ನಮಗೆ ದೂರವಲ್ಲ. ಸಂಜೆ ಆರಕ್ಕೇ ಅಂಗಡಿ ಬಾಗಿಲು ಎಳೆಯುವ ದಿನಗಳು ಅವು.

ಆಗ, ಗಾಂಧೀಜಿ ಹತ್ಯೆಯಾದ ಜನವರಿ 30ರಂದು, ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಸೌಹಾರ್ದಕ್ಕಾಗಿ ಮಾನವ ಸರಪಳಿ ಮಾಡುವ ಕರೆ ಬಂತು. ನಮ್ಮೂರಲ್ಲೂ ಮಾಡೋಣ ಅಂತ ಹತ್ತು ಜನ ಪ್ರೆಸ್ಸಿನ ಒಳಕೋಣೆಯಲ್ಲಿ ಕೂತೆವು. ಕುರ್ಚಿ ಸಾಲದೆ ಇಬ್ಬರು ಕಾಗದದ ಬಂಡಲ್ ಮೇಲೆ ಕೂತರು.

ಮೊದಲ ಜಗಳ ಶಾಂತಿಯ ಬಗ್ಗೆ ಅಲ್ಲ, ಕರಪತ್ರದಲ್ಲಿ ಯಾರ ಹೆಸರು ಮೇಲೆ ಅನ್ನುವುದರ ಬಗ್ಗೆ. ಹಳೆಯ ಸಂಘ ನಮ್ಮದು ಅಂತ ಒಬ್ಬರು. ಜನ ಜಾಸ್ತಿ ಕರೆತರುವವರು ನಾವು ಅಂತ ಇನ್ನೊಬ್ಬರು. ಅಕ್ಷರಮಾಲೆ ಪ್ರಕಾರ ಹಾಕಿಬಿಡೋಣ ಅಂದೆ. ಪ್ರೂಫ್ ತೆಗೆದು ನೋಡಿದರೆ ಅಂಗನವಾಡಿ ಕಾರ್ಯಕರ್ತೆಯರ ಸಂಘ ಎಲ್ಲಕ್ಕಿಂತ ಮೇಲೆ! ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ನಮ್ಮ ಹೆಸರು ಮೇಲೆ ಬಂದಿದ್ದು ಇದೇ ಮೊದಲು ಅಣ್ಣ" ಅಂದರು. ಆದರೆ ಹಮಾಲರ ಸಂಘದ ಮೇಸ್ತ್ರಿ ಹಾಳೆಯನ್ನು ಒಂದು ಗಳಿಗೆ ನೋಡಿ, "ಹ ಅಕ್ಷರ ಎಲ್ಲಿ ಬರ್ತದೆ ಹೇಳಿ. ಇಲ್ಲೂ ನಾವು ಕೊನೆಗೇ" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ನಾಟಿತು.

ಆ ರಾತ್ರಿ ಕೋರೆಲ್ ಡ್ರಾದಲ್ಲಿ ಹದಿನೇಳು ಹೆಸರನ್ನೂ ದುಂಡಗೆ, ಬಳೆಯ ಹಾಗೆ ಕೂರಿಸಿದೆ. ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಎರಡು ತಾಸು ಗೋಳಾಡಿಸಿದವು. ಓದಬೇಕಾದರೆ ಹಾಳೆಯನ್ನೇ ತಿರುಗಿಸಬೇಕು. ಕೆಟ್ಟ ಡಿಸೈನ್ ಅಂತ ಇವತ್ತಿಗೂ ಒಪ್ಪುತ್ತೇನೆ. ಆದರೆ ಮರುದಿನ ಯಾರೂ ತಕರಾರು ಎತ್ತಲಿಲ್ಲ.

ಉಳಿದ ಒಪ್ಪಂದಗಳು ಬೇಗ ಆದವು. ಸಂಘದ ಬಾವುಟ, ಶಾಲು ಬೇಡ. ಭಾಷಣ ಬೇಡ. ಯಾರ ವಿರುದ್ಧವೂ ಘೋಷಣೆ ಬೇಡ. ದುಡ್ಡು ಯಾರೊಬ್ಬರಿಂದಲೂ ಐನೂರಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದು ಬೇಡ. ಈ ಕೊನೆಯದು ಬೇಕರಿ ಭಾಯ್ ಹೇಳಿದ್ದು. ದುಡ್ಡು ಹಾಕಿದವನು ಆಮೇಲೆ ಮೈಕೂ ಕೇಳುತ್ತಾನೆ ಅನ್ನುವುದು ಅವರ ಲೆಕ್ಕ. ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಟ್ಟೆವು. ರಸ್ತೆಯ ಒಂದೇ ಬದಿ, ಬಸ್ಸು ನಿಲ್ಲಬಾರದು ಅಂದರು. ಒಪ್ಪಿದೆವು.

ಬಸ್ ಸ್ಟ್ಯಾಂಡಿಂದ ತಾಲ್ಲೂಕು ಕಚೇರಿಗೆ ಸುಮಾರು 800 ಮೀಟರ್. ಕೈ ಚಾಚಿ ನಿಂತರೆ ಒಬ್ಬರಿಗೆ ಒಂದೂಕಾಲು ಮೀಟರ್. ಅಂದರೆ 640 ಜನ ಬೇಕು. ಅವತ್ತು ಮಂಗಳವಾರ, ಅಡಿಕೆ ಕೊಯ್ಲಿನ ಕಾಲ ಬೇರೆ. ಬಂದವರು ನಾನೂರು ಚಿಲ್ಲರೆ. ಸರಪಳಿ ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ನನಗೆ ಬೆವರು ಕಿತ್ತುಬಂತು. ಅಷ್ಟರಲ್ಲಿ ಹಮಾಲರ ಮೇಸ್ತ್ರಿ ಯಾರನ್ನೂ ಕೇಳದೆ ಲಾರಿಗೆ ಬಿಗಿಯುವ ಹಗ್ಗದ ಸುರುಳಿಗಳನ್ನು ತರಿಸಿದರು. ಖಾಲಿ ಇದ್ದ ಕಡೆಯಲ್ಲೆಲ್ಲ ಇವರ ಕೈಯಿಂದ ಅವರ ಕೈಗೆ ಹಗ್ಗ. ಹತ್ತು ನಿಮಿಷ ನಿಂತೆವು. ಚಹಾ ಕುಡಿದು ಮನೆಗೆ ಹೋದೆವು.

ನಿಜ ಹೇಳಬೇಕೆಂದರೆ ಅದರಿಂದ ಏನಾಯಿತು ಅಂತ ಆಗ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಟೊ ಚೆನ್ನಾಗಿ ಬಂತು. ಕೆಲಸಕ್ಕೆ ಬಂದದ್ದು ಪಟ್ಟಿ. ಜನರನ್ನು ಕರೆಯಲು ಬರೆದುಕೊಂಡ ಮೂವತ್ತನಾಲ್ಕು ನಂಬರನ್ನು ಕಟಿಂಗ್ ಮಷೀನಿನ ಪಕ್ಕದ ಗೋಡೆಗೆ ಅಂಟಿಸಿದ್ದೆ. ಕೀಳಲು ಸೋಮಾರಿತನ, ಸುಮ್ನೆ ಉಳಿಯಿತು.

ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ನಮ್ಮ ಹದಿನೇಳರಲ್ಲಿ ಒಂದಿಷ್ಟು ಮಂದಿ ಎದುರು ಬದುರು ವೇದಿಕೆ ಹತ್ತಿದರು. ಇಬ್ಬರು ಮಾತು ಬಿಟ್ಟರು. ನಮ್ಮ ಒಕ್ಕೂಟ ಮುಗಿಯಿತು ಅಂದುಕೊಂಡೆ. ಅದೇ ಹೊತ್ತಿಗೆ ಮಕ್ಕಳ ಕಳ್ಳರ ಸುದ್ದಿ ಶುರುವಾಯಿತು. ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನೆನಪಿದೆಯಲ್ವಾ? ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗ ಕತ್ತರಿಸಿ ಹಂಚುತ್ತಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ಬಂದ ರಾಜಸ್ಥಾನದ ಹುಡುಗನನ್ನು ಜನ ಹೊಡೆದು ಕೊಂದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. "ಮಕ್ಕಳ ಕಳ್ಳರು ಬಂದಿದ್ದಾರೆ ಎಂಬುದು ಸುಳ್ಳು" ಅಂತ ದಪ್ಪ ಅಕ್ಷರದಲ್ಲಿ ಒಂದು ಸಂದೇಶ ಮಾಡಿ ನಾನೇ ಎಲ್ಲ ಗುಂಪಿಗೂ ಕಳಿಸಿದೆ. ಸುದ್ದಿಯೇ ಮುಟ್ಟಿರದ ಎರಡು ಹಳ್ಳಿಗೆ ಅದನ್ನು ಮುಟ್ಟಿಸಿದವನು ನಾನು! ಸಂಜೆ ಒಬ್ಬರು ಫೋನ್ ಮಾಡಿ, "ಯಾವ ಕಳ್ಳರು ಮಾರಾಯ್ರೆ, ಎಲ್ಲಿಗೆ ಬಂದಿದ್ದಾರೆ?" ಅಂತ ಕೇಳಿದರು. ಅವತ್ತಿಂದ ಪಟ್ಟಿಗೆ ಒಂದು ನಿಯಮ ಹಾಕಿಕೊಂಡೆವು. ಬರೆದು ಕಳಿಸುವುದಿಲ್ಲ, ಫೋನಿನಲ್ಲಿ ಮಾತಾಡುತ್ತೇವೆ. ಒಬ್ಬರು ಮೂರು ಜನಕ್ಕೆ. ಮೊದಲ ಫೋನು ಜಾಗದಲ್ಲಿ ಇರುವವರಿಗೆ, ಎರಡನೆಯದು ಪೊಲೀಸರಿಗೆ.

ಜೂನಿನ ಒಂದು ಸಂಜೆ ಜೋರು ಮಳೆ, ಕರೆಂಟಿಲ್ಲ. ಟೀಚರ್ ಫೋನು. ಅವರ ಹಳ್ಳಿಯಲ್ಲಿ ಕೊಡೆ ರಿಪೇರಿ ಮಾಡುವ ಇಬ್ಬರನ್ನು ಜನ ನಿಲ್ಲಿಸಿಕೊಂಡಿದ್ದರು. ಹಿಂದಿ ಬಿಟ್ಟು ಬೇರೆ ಭಾಷೆ ಬಾರದು. ಚೀಲದಲ್ಲಿ ಕೊಡೆ ಕಡ್ಡಿ, ಬಟ್ಟೆ, ಒಂದು ಕತ್ತರಿ. ಆ ಕತ್ತರಿಯೇ ದೊಡ್ಡ ಸಾಕ್ಷಿಯಾಗಿತ್ತು. "ಅಣ್ಣ, ಹೊಡೆಯೋಕೆ ಶುರು ಮಾಡಿಲ್ಲ, ಆದರೆ ಬೇಗ ಬನ್ನಿ" ಅಂದರು.

ನಾನು ಸ್ಟೇಷನ್ನಿಗೆ ಹೇಳಿ, ಆಟೋ ಸಂಘದವರಿಗೆ ಹೇಳಿದೆ. ಆ ದಾರಿಯಲ್ಲಿ ಬಾಡಿಗೆ ಮುಗಿಸಿ ಬರುತ್ತಿದ್ದ ಹುಡುಗನೊಬ್ಬ ಐದೇ ನಿಮಿಷದಲ್ಲಿ ಅಲ್ಲಿದ್ದ. ರೈತ ಸಂಘದವರೊಬ್ಬರ ತೋಟ ಪಕ್ಕದಲ್ಲೇ. ಊರಿನವರು ಅವರ ಮಾತು ಕೇಳುತ್ತಾರೆ. ಬೇಕರಿ ಭಾಯ್ ಫೋನಿನಲ್ಲೇ ಆ ಇಬ್ಬರ ಜೊತೆ ಹಿಂದಿಯಲ್ಲಿ ಮಾತಾಡಿ, ಎಲ್ಲಿ ಇಳಿದುಕೊಂಡಿದ್ದಾರೆ ಅಂತ ಕೇಳಿ ಎಲ್ಲರಿಗೂ ಕನ್ನಡದಲ್ಲಿ ಹೇಳಿದರು. ಚುನಾವಣೆಯಿಂದ ಮಾತು ಬಿಟ್ಟಿದ್ದ ಆ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ಫೋನ್ ಮಾಡಿದ್ದು ಆಮೇಲೆ ಗೊತ್ತಾಯಿತು. "ಎಲ್ಲಿದ್ದೀಯ? ಹೋಗು" ಅಂದನಂತೆ. ಅಷ್ಟೇ ಮಾತು.

ಅಷ್ಟು ಹೊತ್ತಿಗೆ ಟೀಚರ್ ಅರ್ಧ ಕೆಲಸ ಮುಗಿಸಿದ್ದರು. ಅಂಗನವಾಡಿ ಬೀಗ ತೆಗೆದು ಇಬ್ಬರನ್ನೂ ಒಳಗೆ ಕೂರಿಸಿದ್ದರು. ಬಾಗಿಲಲ್ಲಿ ತಾವೇ ನಿಂತಿದ್ದರು. "ನಿಮ್ಮ ಮಕ್ಕಳನ್ನು ದಿನಾ ನೋಡಿಕೊಳ್ಳೋಳು ನಾನು. ನನಗಿಂತ ಜಾಸ್ತಿ ಭಯ ನಿಮಗಾ?" ಅಂತ ಕೇಳಿದರಂತೆ. ಜೀಪು ಬಂದದ್ದು ನಲವತ್ತು ನಿಮಿಷಕ್ಕೆ. ದಾರಿಗೆ ಮರ ಬಿದ್ದಿತ್ತು. ಆ ನಲವತ್ತು ನಿಮಿಷದಲ್ಲಿ ಏನೇನು ಆಗಬಹುದಿತ್ತು ಅಂತ ತಿಳಿದದ್ದು ಜುಲೈ 13ರಂದು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂತ ಅಟ್ಟಿಸಿಕೊಂಡು ಹೋದರು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿತು.

ಹಬ್ಬಗಳ ಮುಂಚೆ ಸ್ಟೇಷನ್ನಿನಲ್ಲಿ ಶಾಂತಿ ಸಭೆ ನಡೆಯುತ್ತದೆ. ಅಲ್ಲಿಗೂ ಹೋಗುತ್ತೇನೆ, ಅದು ಬೇಡ ಅನ್ನುವುದಿಲ್ಲ. ಅಲ್ಲಿ ಬರುವವರು ಅಧ್ಯಕ್ಷರು, ಕಾರ್ಯದರ್ಶಿಗಳು. ರಾತ್ರಿ ಹತ್ತಕ್ಕೆ ಅವರಲ್ಲಿ ಹೆಚ್ಚಿನವರ ಫೋನು ಸ್ವಿಚ್ ಆಫ್. ನಮ್ಮ ಪಟ್ಟಿಯಲ್ಲಿ ಅಧ್ಯಕ್ಷರು ಕಡಿಮೆ. ರಾತ್ರಿ ಪಾಳಿಯ ಆಟೋದವರು, ಬೆಳಗಿನ ಲೋಡಿಗೆ ಮೂರಕ್ಕೆ ಏಳುವ ಹಮಾಲರು, ಮನೆಮನೆ ಗೊತ್ತಿರುವ ಆಶಾ ಕಾರ್ಯಕರ್ತೆಯರು ಜಾಸ್ತಿ.

ಪ್ರತಿ ಜನವರಿ 30ರಂದು ಕೂತು ಎಲ್ಲ ನಂಬರಿಗೂ ಒಮ್ಮೆ ಫೋನ್ ಮಾಡುತ್ತೇನೆ. ಯಾರು ಊರು ಬಿಟ್ಟರು, ಯಾರ ಸಿಮ್ ಬದಲಾಯಿತು, ಯಾರು ಹೋಗಿಬಿಟ್ಟರು ಅಂತ ಗುರುತು ಹಾಕಿಕೊಳ್ಳಲು. ಟೀಚರ್ ನಿವೃತ್ತರಾದರು. ಹೊಸದಾಗಿ ಬಂದವರ ನಂಬರು ಅವರೇ ಕೊಟ್ಟರು. ಫೋನ್ ಮಾಡಿ, ಪ್ರೆಸ್ಸಿನವನು ಮಾತಾಡ್ತಿರೋದು ಅಂದೆ. "ಏನು ಸಾರ್, ನಮ್ಮ ಬಾಕಿ ಏನಾದ್ರೂ ಇತ್ತಾ?" ಅಂದರು ಆ ಹುಡುಗಿ.