ಹಳೆ ಬಂದೂಕಿನ ಗುಂಡು 100 ಮೀಟರ್ ದಾಟುವಾಗ: ನಾನು ಲೆಕ್ಕ ಹಾಕಿದ್ದು ಹೀಗೆ

ಪಿಯು ಫಿಸಿಕ್ಸ್‌ನಲ್ಲಿ ಎಸೆದ ವಸ್ತುವಿನ ಲೆಕ್ಕ ಬಂದಾಗೆಲ್ಲ ಜೊತೆಗೊಂದು ಸಾಲು ಇರುತ್ತದೆ: ಗಾಳಿಯ ತಡೆಯನ್ನು ಕಡೆಗಣಿಸಿ. ಬೆಳಗಾವಿಯಲ್ಲಿ ಇದನ್ನೇ ಪಾಠ ಮಾಡಿಕೊಂಡು ಬಂದವನು ನಾನು. ಮೂತಿಯಿಂದ ಮದ್ದು ತುಂಬುವ ಹಳೆ ಬಂದೂಕಿನ ಗುಂಡಿಗೆ ಮಾತ್ರ ಆ ಸಾಲು ಚೂರೂ ಹೊಂದುವುದಿಲ್ಲ.

ಖಾನಾಪುರ ಕಡೆಯ ಹಳೆ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಅಂಥದ್ದೊಂದು ಬಂದೂಕಿದೆ. ಅಜ್ಜನ ಕಾಲದ್ದು. "ಸರ, ಮದ್ದು ಜಾಸ್ತಿ ಹಾಕಿದ್ರ ಗುಂಡಿನ ಜೋರು ದೂರದ ತನಕ ಉಳೀತೈತಲ್ರಿ?" ಅಂತ ಕೇಳಿದ. ಹಳೆ ನಳಿಗೆಗೆ ಜಾಸ್ತಿ ಮದ್ದು ಹಾಕಿದರೆ ನಳಿಗೆಯೇ ಸೀಳಬಹುದು, ಅದನ್ನು ಮಾಡಲೇಬೇಡ ಅಂತ ಮೊದಲು ಹೇಳಿದೆ. ಆದರೆ ಪ್ರಶ್ನೆ ಚೆನ್ನಾಗಿತ್ತು. ಎಕ್ಸೆಲ್ ತೆರೆದು ಕೂತೆ.

ಶುರು ಮಾಡಿದ್ದು ಗುಂಡಿನಿಂದ. 12.4 ಮಿಲಿಮೀಟರ್ ಅಗಲದ ಗುಂಡಗಿನ ಸೀಸದ ಗುಂಡು ತಗೊಳ್ಳಿ. ಅದರ ಗಾತ್ರ ಹೆಚ್ಚೂಕಡಿಮೆ ಒಂದು ಘನ ಸೆಂಟಿಮೀಟರ್. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ಹಾಗಾಗಿ ತೂಕ 11.3 ಗ್ರಾಂ. ಮೂತಿ ಬಿಡುವಾಗಿನ ವೇಗಕ್ಕೆ ಎರಡು ಅಂಕಿ ಇಟ್ಟುಕೊಂಡೆ: ಸೆಕೆಂಡಿಗೆ 430 ಮೀಟರ್ ಮತ್ತು 550 ಮೀಟರ್. ಈ ಅಳತೆಯ ಗುಂಡಿಗೆ ಕಡಿಮೆ ಮದ್ದು, ಜಾಸ್ತಿ ಮದ್ದು ಹಾಕಿದಾಗ ಸಿಗುವ ವೇಗ ಸುಮಾರು ಇಷ್ಟಿರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ಶೇ. 8ರಷ್ಟು ತೆಳು. ಅದನ್ನೂ ಸೇರಿಸಿದೆ. ಆಮೇಲೆ ಒಂದೊಂದು ಮೀಟರಿಗೆ ಒಂದೊಂದು ಸಾಲು: ಈಗಿನ ವೇಗ, ಆ ವೇಗಕ್ಕೆ ಗಾಳಿಯ ತಡೆ, ಕಳೆದುಕೊಂಡ ವೇಗ, ಮುಂದಿನ ಸಾಲು.

ಮೊದಲ ಸಾಲು ನೋಡಿಯೇ ತಲೆ ಕೆರೆದುಕೊಂಡೆ. 550ರ ವೇಗದಲ್ಲಿ ಗಾಳಿ ಗುಂಡನ್ನು ಹಿಂದಕ್ಕೆ ನೂಕುವ ಬಲ ಸುಮಾರು 19 ನ್ಯೂಟನ್. ಗುಂಡಿನ ತೂಕದ 170 ಪಟ್ಟು! ನಾವು ಪಾಠದಲ್ಲಿ ಇಡೀ ಗಂಟೆ ಗುರುತ್ವದ ಬಗ್ಗೆ ಮಾತಾಡಿ ಇದನ್ನು ಕಡೆಗಣಿಸುತ್ತೇವೆ, ಅಲ್ವಾ?

100 ಮೀಟರಿನ ಸಾಲಿಗೆ ಬಂದರೆ 550ರಲ್ಲಿ ಹೊರಟ ಗುಂಡು 325ಕ್ಕೆ ಇಳಿದಿರುತ್ತದೆ. 430ರಲ್ಲಿ ಹೊರಟದ್ದು 275ಕ್ಕೆ. ಮೂತಿಯಲ್ಲಿದ್ದ 120ರ ಅಂತರ 50ಕ್ಕೆ ಬಂತು. ಶಕ್ತಿಯ ಕಥೆ ಇನ್ನೂ ಜೋರು. ಅದು ವೇಗದ ವರ್ಗದ ಲೆಕ್ಕವಲ್ಲವೇ? ವೇಗದ ಗುಂಡಿನ 1,700 ಜೂಲ್ 600 ಆಗುತ್ತದೆ, ನಿಧಾನದ್ದರ 1,045 ಜೂಲ್ 430ರ ಹತ್ತಿರ ನಿಲ್ಲುತ್ತದೆ. ಜಾಸ್ತಿ ಮದ್ದು ಸುಟ್ಟು ಗಳಿಸಿದ 650 ಜೂಲ್‌ನಲ್ಲಿ ಮುಕ್ಕಾಲು ಭಾಗ ಗಾಳಿಪಾಲು.

ಕಾರಣ ಶಬ್ದದ ವೇಗ. 25 ಡಿಗ್ರಿ ಬಿಸಿಲಲ್ಲಿ ಅದು ಸೆಕೆಂಡಿಗೆ 346 ಮೀಟರ್. ಅದಕ್ಕಿಂತ ಮೇಲಿದ್ದಾಗ ಗುಂಡಗಿನ ವಸ್ತುವಿಗೆ ತಡೆಯ ಗುಣಾಂಕ (ಗಾಳಿ ಆ ಆಕಾರವನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ಹತ್ತಿರಹತ್ತಿರ 1. ಕೆಳಗಿಳಿದ ಮೇಲೆ ಅರ್ಧದ ಕಡೆಗೆ ಇಳಿಯುತ್ತದೆ. ಅಂದರೆ ಗಾಳಿ ಮೊದಲು ಕಿತ್ತುಕೊಳ್ಳುವುದೇ ಆ ಹೆಚ್ಚುವರಿ ವೇಗವನ್ನು. ಇದನ್ನು 1740ರ ದಶಕದಲ್ಲೇ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ಗುರುತಿಸಿದ್ದ. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಓಲಾಡಿತು ಅನ್ನುವುದರಿಂದ ವೇಗ ತೆಗೆಯುತ್ತಿದ್ದ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದು, 1751ರಲ್ಲಿ ಕಡಲೂರಿನ ಕೋಟೆಯಲ್ಲಿ ತೀರಿಕೊಂಡ.

ಅವನ ಲೋಲಕವನ್ನು ನಾನೂ ಲ್ಯಾಬಿನಲ್ಲಿ ಮಾಡಿ ನೋಡಿದೆ, ಏರ್ ಗನ್ ಇಟ್ಟುಕೊಂಡು. ಕಾಲು ಕೆಜಿ ಜೇಡಿಮಣ್ಣಿನ ಉಂಡೆ, ಒಂದು ಮೀಟರ್ ದಾರ, ಕೆಳಗೆ ಸ್ಕೇಲ್. ಅರ್ಧ ಗ್ರಾಮಿನ ಛರ್ರೆ ಹತ್ತಿರದಿಂದ ಬಡಿದಾಗ ಉಂಡೆ ಒಂಬತ್ತು ಸೆಂಟಿಮೀಟರಿಗೂ ಮೇಲೆ ಸರಿಯಿತು. ಕಾರಿಡಾರಿನ ಆ ತುದಿಯಿಂದ, 20 ಮೀಟರ್ ದೂರದಿಂದ ಹೊಡೆದರೆ ಒಂದು ಬೆರಳಗಲ ಕಮ್ಮಿ. ಗಾಳಿ ವೇಗ ಕಿತ್ತುಕೊಂಡದ್ದು ಕಾಣಲು ಅಷ್ಟು ಸಾಕಿತ್ತು. (ಹಿಂದೆ ದಪ್ಪ ಹಲಗೆ ಇಟ್ಟಿದ್ದೆವು, ಹುಡುಗರನ್ನು ಹೊರಗೆ ಕಳಿಸಿದ್ದೆವು.)

ಗುಂಡಿನ ಇಳಿತ: ವೇಗದ ಗುಂಡು ನಳಿಗೆಯ ಗೆರೆಯಿಂದ 50 ಮೀಟರಿನಲ್ಲಿ 5 ಸೆಂ.ಮೀ., 100ರಲ್ಲಿ 24, 150ರಲ್ಲಿ ಸುಮಾರು 66 ಸೆಂ.ಮೀ. ಕೆಳಗೆ. ಗಾಳಿಯ ತಡೆ ಇಲ್ಲದಿದ್ದರೆ 150ರಲ್ಲಿ 36 ಅಷ್ಟೇ ಆಗುತ್ತಿತ್ತು.

ಹಾಗಾದರೆ ದೂರ ಹೋಗಬೇಕಾದರೆ? ಮದ್ದು ಬಿಡಿ, ಗುಂಡಿನ ಆಕಾರ ಬದಲಾಗಬೇಕು. 1853ರ ಎನ್‌ಫೀಲ್ಡ್ ಕೂಡ ಮೂತಿಯಿಂದಲೇ ತುಂಬುವ ಬಂದೂಕು. ಆದರೆ ಅದರದು ಉದ್ದನೆಯ, 34 ಗ್ರಾಂ ಗುಂಡು, ನಳಿಗೆಯಲ್ಲಿ ಗುಂಡನ್ನು ಬುಗುರಿಯಂತೆ ತಿರುಗಿಸುವ ತಿರುಚು ಗೀರು. ಗುಂಡಗಿನ ಗುಂಡಿನಲ್ಲಿ ಮುಂಭಾಗದ ಒಂದೊಂದು ಚದರ ಸೆಂಟಿಮೀಟರಿನ ಹಿಂದೆ 9 ಗ್ರಾಂ ಸೀಸ ಇದ್ದರೆ, ಇದರಲ್ಲಿ 20 ಗ್ರಾಮಿಗೂ ಜಾಸ್ತಿ. ಗುಂಡಿನ ಮುಂತುದಿ ಚೂಪು ಬೇರೆ. ಈ ಬಂದೂಕಿನ ತೋಟೆಯಿಂದಲೇ 1857ರಲ್ಲಿ ಸಿಪಾಯಿಗಳು ಸಿಡಿದೆದ್ದದ್ದು. ಅದೇ ವರ್ಷ ಇತ್ತ ಮುಧೋಳದ ಹತ್ತಿರ ಹಲಗಲಿಯ ಬೇಡರು ಹತ್ಯಾರ ಕೊಡೋದಿಲ್ಲ ಅಂತ ನಿಂತರು.

ಪ್ರಶ್ನೆ ಕೇಳಿದ ಆ ಹಳೆ ವಿದ್ಯಾರ್ಥಿಗೆ ನಾನು ಒತ್ತಿ ಹೇಳಿದ್ದು ಉಳಿದ ಶಕ್ತಿಯ ಬಗ್ಗೆ. 150 ಮೀಟರಿನಲ್ಲೂ ವೇಗದ ಗುಂಡಿನಲ್ಲಿ 400 ಜೂಲ್ ಮೇಲೆ ಇರುತ್ತದೆ. ಲೈಸೆನ್ಸ್ ಬೇಡದ ಏರ್ ಗನ್ನಿಗೆ ನಮ್ಮ ಕಾನೂನು ಇಟ್ಟ ಮಿತಿ 20 ಜೂಲ್. "ದೂರ ಹೋದ್ಮ್ಯಾಲೆ ಏನೂ ಆಗಂಗಿಲ್ಲ" ಅನ್ನುವ ಮಾತನ್ನು ತಲೆಯಿಂದ ತೆಗೆ, ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಬಂದೂಕು ಎತ್ತಲೇಬೇಡ ಅಂದೆ.

ಆಮೇಲೆ ಗಾಳಿ ಬೀಸುವುದಕ್ಕೂ ಒಂದು ಕಾಲಂ ಹಾಕಿದೆ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ಲ. ಗಂಟೆಗೆ 18 ಕಿಲೋಮೀಟರಿನ ಅಡ್ಡಗಾಳಿ ಇದ್ದರೆ 100 ಮೀಟರಿನಲ್ಲಿ ನಿಧಾನದ ಗುಂಡು 33 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ವೇಗದ್ದು 30.