ಹಿಡಿತ ಸಡಿಲಿಸಿದ ಮೇಲೆ ಕೆಲಸ ಮಾಡಿದ ಅಣು

ಪ್ರತಿಕಾಯದ (ಆ್ಯಂಟಿಬಾಡಿಯ) ಕೆಲಸಕ್ಕೆ ಬಂದ ಹೊಸತರಲ್ಲಿ ನನ್ನ ಕೈಯಲ್ಲಿದ್ದ ಅಳತೆಗೋಲು ಒಂದೇ: ಗುರಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ? ಹಿಡಿಯಲು ಬೇಕಾದ ಸಾಂದ್ರತೆ ನ್ಯಾನೊಮೋಲಾರ್ ಇದ್ದದ್ದು ಪಿಕೊಮೋಲಾರ್‌ಗೆ ಬಂತೆಂದರೆ, ಅಂದರೆ ಹಿಡಿತ ಸಾವಿರ ಪಟ್ಟು ಬಿಗಿಯಾಯಿತೆಂದರೆ, ಆ ದಿನ ಪ್ರಯೋಗಾಲಯದಲ್ಲಿ ಎಲ್ಲರ ಮುಖದಲ್ಲೂ ಕಳೆ. ರೋಗ ತರುವ ಸಂಕೇತವನ್ನು ತಡೆಯುವ ಪ್ರತಿಕಾಯಗಳ ಮಟ್ಟಿಗೆ ಆ ಲೆಕ್ಕ ಬಹುಪಾಲು ಸರಿ. ಕೀಲುಗಳಲ್ಲಿ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್‌ಗಳು ಹಿಡಿದು ಕೂತುಬಿಡುತ್ತವೆ. ನಾವು ಮಾಡಹೊರಟದ್ದು ಇದರ ಉಲ್ಟಾ. ಸಂಕೇತವನ್ನು ತಡೆಯುವುದಲ್ಲ, ಹೊತ್ತುಕೊಂಡು ಹೋಗಿ ಬೇಕಾದ ಕೋಶಕ್ಕೆ ಮಾತ್ರ ಮುಟ್ಟಿಸುವುದು. ಅಲ್ಲಿ ಬಿಗಿ ಹಿಡಿತವೇ ಅಡ್ಡಿ ಎಂದು ಅರ್ಥವಾಗುವ ಹೊತ್ತಿಗೆ ಎರಡು ಅಣುಗಳನ್ನು ಕಟ್ಟಿ ಕಳೆದುಕೊಂಡಿದ್ದೆವು.

ಸಂಕೇತದ ಹೆಸರು ಇಂಟರ್‌ಲ್ಯೂಕಿನ್-2, ನಮ್ಮ ಬಾಯಲ್ಲಿ ಐಎಲ್-2. ರೋಗನಿರೋಧಕ ವ್ಯವಸ್ಥೆಯ ಸೈನಿಕರಾದ ಟಿ ಕೋಶಗಳನ್ನು ಬೆಳೆಸುವ ಅಂಶವೆಂದು ಇದನ್ನು 1976ರಲ್ಲಿ ಗುರುತಿಸಿದರು. 1983ರಲ್ಲಿ ತಡಾಟ್ಸುಗು ತನಿಗುಚಿಯವರ ತಂಡ ಅದರ ಜೀನನ್ನು ಬೇರ್ಪಡಿಸಿತು. 133 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಅಮೆರಿಕದಲ್ಲಿ 1992ರಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೂ 1998ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೂ ಔಷಧವಾಗಿ ಒಪ್ಪಿಗೆ ಪಡೆಯಿತು. ಕೆಲವೇ ಕೆಲವು ರೋಗಿಗಳಲ್ಲಿ ಗಡ್ಡೆಗಳು ಪೂರ್ತಿ ಕರಗಿ ವರ್ಷಗಟ್ಟಲೆ ಮರಳಲಿಲ್ಲ. ನಮ್ಮಂಥವರು ಇಂದಿಗೂ ಈ ಪ್ರೋಟೀನಿನ ಬೆನ್ನು ಬಿಡದಿರುವುದು ಆ ಕೆಲವರಿಂದಾಗಿ. ಆದರೆ ಆ ಫಲಕ್ಕೆ ತೆತ್ತ ಬೆಲೆ ಕಠಿಣ: ರಕ್ತನಾಳಗಳು ಸೋರಿ ರಕ್ತದೊತ್ತಡ ಕುಸಿಯುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು. ರಕ್ತದಲ್ಲಿ ಅದರ ಬಾಳಿಕೆ ನಿಮಿಷಗಳ ಲೆಕ್ಕ; ಹಾಗಾಗಿ ಎಂಟು ಗಂಟೆಗೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡಬೇಕು.

ಇನ್ನೊಂದು ತೊಡಕೂ ಇದೆ. ಕೋಶದ ಮೈಮೇಲೆ ಐಎಲ್-2ನ್ನು ಹಿಡಿಯುವ ಗ್ರಾಹಕಕ್ಕೆ ಮೂರು ತುಂಡು: ಆಲ್ಫಾ, ಬೀಟಾ, ಗಾಮಾ. ಮೂರೂ ಇರುವ ಕೋಶ ಸುಮಾರು 10 ಪಿಕೊಮೋಲಾರ್‌ನಷ್ಟು ಕಡಿಮೆ ಸಾಂದ್ರತೆಯಲ್ಲೂ ಅದನ್ನು ಹಿಡಿಯುತ್ತದೆ. ಬೀಟಾ, ಗಾಮಾ ಮಾತ್ರ ಇರುವ ಕೋಶಕ್ಕೆ ಸುಮಾರು 1 ನ್ಯಾನೊಮೋಲಾರ್ ಬೇಕು, ನೂರು ಪಟ್ಟು. ಆಲ್ಫಾವನ್ನು ಸದಾ ಮೈಮೇಲೆ ಹೊತ್ತಿರುವವು ನಿಯಂತ್ರಕ ಟಿ ಕೋಶಗಳು, ರೋಗನಿರೋಧಕ ದಾಳಿಗೆ ಕಡಿವಾಣ ಹಾಕುವವು. ಗಡ್ಡೆಯನ್ನು ಕೊಲ್ಲಲೆಂದು ಕೊಟ್ಟ ಔಷಧವನ್ನು ಮೊದಲು ಕುಡಿಯುವವರು ಕೊಲ್ಲುವುದು ಬೇಡ ಎನ್ನುವವರೇ.

ನಮ್ಮ ಯೋಚನೆ ಸರಳವಾಗಿತ್ತು. ಪ್ರತಿಕಾಯ ರಕ್ತದಲ್ಲಿ ಸುಮಾರು ಮೂರು ವಾರ ಉಳಿಯುತ್ತದೆ, ಅದಕ್ಕೊಂದು ವಿಳಾಸವೂ ಇರುತ್ತದೆ. ಗಡ್ಡೆಯೊಳಗೆ ಕಾದಾಡಿ ದಣಿದ ಟಿ ಕೋಶಗಳು ಹೊರುವ ಒಂದು ಗುರುತನ್ನು ಹಿಡಿಯುವ ಪ್ರತಿಕಾಯ ನಮ್ಮಲ್ಲಿತ್ತು. ಅದರ ಬಾಲಕ್ಕೆ ಐಎಲ್-2 ಕಟ್ಟಿದರೆ, ಪ್ರತಿಕಾಯ ಬಂಡಿ, ಐಎಲ್-2 ಸರಕು.

ಕಟ್ಟುವ ಕೆಲಸ ಕೇಳಿದಷ್ಟು ಸಲೀಸಲ್ಲ. ಪ್ರತಿಕಾಯದ ಎರಡು ಭಾರ ಸರಪಣಿಗಳಲ್ಲಿ, ಅಂದರೆ ಉದ್ದನೆಯ ಪ್ರೋಟೀನ್ ಎಳೆಗಳಲ್ಲಿ, ಒಂದಕ್ಕೆ ಮಾತ್ರ ಐಎಲ್-2 ಬೇಕಿತ್ತು. ಕೋಶದೊಳಗೆ ಎರಡೂ ಬಗೆಯ ಸರಪಣಿ ತಯಾರಾದಾಗ ತಪ್ಪು ಜೋಡಿಯಾಗದಂತೆ ಒಂದರ 366ನೇ ಸ್ಥಾನದಲ್ಲಿ ಟ್ರಿಪ್ಟೊಫ್ಯಾನ್ ಎಂಬ ದಪ್ಪ ಅಮೈನೊ ಆಮ್ಲ ಇಟ್ಟು ಉಬ್ಬು ಮಾಡಿದೆವು, ಇನ್ನೊಂದರಲ್ಲಿ ಅದು ಕೂರುವಷ್ಟು ತಗ್ಗು. 1990ರ ದಶಕದಿಂದ ಬಳಕೆಯಲ್ಲಿರುವ ಉಪಾಯ, ಇಂದಿಗೂ ಇದಕ್ಕಿಂತ ಅಚ್ಚುಕಟ್ಟಾದದ್ದನ್ನು ನಾನು ಕಂಡಿಲ್ಲ. ಪ್ರತಿಕಾಯದ ಬಾಲ ಕೊಲೆಗಾರ ಕೋಶಗಳನ್ನು ಕರೆದು ನಾವು ಬೆಳೆಸಬೇಕಾದ ಟಿ ಕೋಶವನ್ನೇ ಕೊಲ್ಲಿಸಬಾರದು. ಅದಕ್ಕಾಗಿ 234 ಮತ್ತು 235ನೇ ಲ್ಯೂಸಿನ್‌ಗಳನ್ನು ಅಲನಿನ್ ಮಾಡಿ ಆ ಬಾಯಿ ಮುಚ್ಚಿದೆವು. ಐಎಲ್-2ರ 125ನೇ ಸಿಸ್ಟೀನ್ ಮಾತ್ರ ಒಂಟಿ, ಮಿಕ್ಕೆರಡು ತಮ್ಮಲ್ಲೇ ಜೋಡಿ. ಆ ಒಂಟಿ ಸಿಸ್ಟೀನ್ ಪಕ್ಕದ ಅಣುವಿಗೆ ಅಂಟಿಕೊಂಡು ಮುದ್ದೆಯಾಗುವ ಅಪಾಯವಿರುವುದರಿಂದ ಅದನ್ನು ಸೆರಿನ್ ಮಾಡುವುದು ಹಳೆಯ ರೂಢಿ. ಮೊದಲ ಸಲ ನಾವದನ್ನು ಮರೆತೆವು. ಶುದ್ಧೀಕರಣದ ಗ್ರಾಫಿನಲ್ಲಿ ಒಂದು ಶಿಖರ ಇರಬೇಕಾದ ಕಡೆ ಎರಡು ಕಂಡಾಗಲೇ ನೆನಪಾದದ್ದು.

ಆಮೇಲಿನ ಒಂದು ಪೆಟ್ಟನ್ನು ಕೊಂಚ ವಿವರವಾಗಿ ಹೇಳಬೇಕು. ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರಿಗೂ ಇದು ಕಾದು ಕೂತಿರುತ್ತದೆ. ರಕ್ತದಿಂದ ಬೇರ್ಪಡಿಸಿದ ಬಿಳಿ ಕೋಶಗಳಿಗೆ ಹೊಸ ಅಣುವನ್ನು ಹಾಕಿದಾಗ ಟಿಎನ್‌ಎಫ್ ಮತ್ತು ಉರಿಯೂತದ ಇನ್ನೊಂದು ಸಂಕೇತವಾದ ಐಎಲ್-6 ಧಾರಾಳವಾಗಿ ಸುರಿದವು. ನಮ್ಮಲ್ಲಿ ಕೆಲವರು ಅಣು ಬಲಶಾಲಿ ಎಂದು ಹಿಗ್ಗಿದರು, ಕೆಲವರು ಅಪಾಯಕಾರಿ ಎಂದು ಕೈಬಿಡಲು ಹೊರಟರು. ಎರಡೂ ತಪ್ಪಾಗಿತ್ತು. ಅದೇ ಮಾದರಿಯನ್ನು ಕುದಿಸಿ ಪ್ರೋಟೀನನ್ನು ಪೂರ್ತಿ ಕೆಡಿಸಿ ಹಾಕಿದೆ. ಆಗಲೂ ಅಷ್ಟೇ ಟಿಎನ್‌ಎಫ್. ಕುದಿಸಿದರೆ ಪ್ರೋಟೀನು ಸಾಯುತ್ತದೆ, ಬ್ಯಾಕ್ಟೀರಿಯಾದ ಹೊರಪದರದ ಎಂಡೋಟಾಕ್ಸಿನ್ ಸಾಯುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಬೇರೊಂದು ಪ್ರೋಟೀನನ್ನು ಹಿಂದೆ ಹಾಯಿಸಿದ್ದ ಶುದ್ಧೀಕರಣದ ಕಾಲಂನಲ್ಲೇ ನಮ್ಮ ಅಣುವೂ ಹಾದಿತ್ತು. ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಲಂ ತೊಳೆದು ಮತ್ತೆ ಶುದ್ಧೀಕರಿಸಿದ ಮೇಲೆ ಆ ಸುರಿತ ನಿಂತಿತು. ಅಂದಿನಿಂದ ಕುದಿಸಿದ ಮಾದರಿಯಿಲ್ಲದ ಯಾವ ಪ್ರಯೋಗವನ್ನೂ ನಾನು ನಂಬಿಲ್ಲ.

ಇಲಿಗಳ ಪ್ರಯೋಗಕ್ಕೆ ಬಂದೆವು. ಮನುಷ್ಯರ ಐಎಲ್-2 ಇಲಿಯ ಕೋಶಗಳ ಮೇಲೂ ಕೆಲಸ ಮಾಡುತ್ತದೆ. ನಮ್ಮ ಪ್ರತಿಕಾಯ ಮಾತ್ರ ಇಲಿಯ ಗುರುತನ್ನು ಹಿಡಿಯುವುದಿಲ್ಲ. ಅದಕ್ಕಾಗಿ ಇಲಿಯದ್ದನ್ನು ಹಿಡಿಯುವ ಬದಲಿ ಪ್ರತಿಕಾಯ ಮಾಡಿ ಅದಕ್ಕೆ ಐಎಲ್-2 ಕಟ್ಟಬೇಕಾಯಿತು. ಜೊತೆಗೆ ಒಂದು ಹೋಲಿಕೆಯ ಅಣು: ಅದೇ ಐಎಲ್-2, ಆದರೆ ಮೈಯಲ್ಲಿ ಏನನ್ನೂ ಹಿಡಿಯದ ಪ್ರತಿಕಾಯ. ಕೆಲವೇ ದಿನಗಳಲ್ಲಿ ಇಲಿಗಳು ಬೆನ್ನು ಗೂನಾಗಿಸಿ ಮೂಲೆ ಸೇರಿದವು, ರೋಮ ಕೆದರಿತು, ಬೆಳಗಿನ ತೂಕ ಇಳಿಯುತ್ತಾ ಹೋಯಿತು. ನಿಯಮದಂತೆ ಪ್ರಯೋಗ ನಿಲ್ಲಿಸಿದೆವು. ಆ ಬೆಳಗುಗಳು ನನಗೆ ಇನ್ನೂ ನೋವು ಕೊಡುತ್ತವೆ.

ಬಣ್ಣ ಕಟ್ಟಿದ ಅಣು ದೇಹದಲ್ಲಿ ಎಲ್ಲಿ ಹೋಯಿತು ಎಂದು ನೋಡಿದಾಗ ಸತ್ಯ ಗೊತ್ತಾಯಿತು. ಬಹುಪಾಲು ಗುಲ್ಮದಲ್ಲಿ, ಶ್ವಾಸಕೋಶದಲ್ಲಿ. ಗಡ್ಡೆಯಲ್ಲಿ ಅಷ್ಟಿಷ್ಟು. ಏನನ್ನೂ ಹಿಡಿಯದ ಪ್ರತಿಕಾಯದ ಅಣುವೂ ಹೆಚ್ಚುಕಡಿಮೆ ಅಲ್ಲಲ್ಲೇ ಸೇರಿತ್ತು. ಐಎಲ್-2 ತನ್ನ ಗ್ರಾಹಕ ಎಲ್ಲಿ ಸಿಕ್ಕಿತೋ ಅಲ್ಲಿಗೆ ಇಡೀ ಅಣುವನ್ನು ಎಳೆದುಕೊಂಡು ಹೋಗಿತ್ತು. ಬಂಡಿ ಎಂದುಕೊಂಡಿದ್ದ ಪ್ರತಿಕಾಯವೇ ಸರಕಾಗಿತ್ತು.

ಎರಡನೆಯ ಅಣುವಿನಲ್ಲಿ ಆಲ್ಫಾ ಕೊಂಡಿಯನ್ನು ಕತ್ತರಿಸಿದೆವು. 42ನೇ ಸ್ಥಾನದ ಫಿನೈಲ್‌ಅಲನಿನ್ ಬದಲಿಸಿದರೆ ಆಲ್ಫಾ ಜೊತೆಗಿನ ನಂಟು ಸಡಿಲವಾಗುತ್ತದೆ ಎಂದು ಮೊದಲೇ ಗೊತ್ತಿದ್ದ ಸಂಗತಿ. ನಿಯಂತ್ರಕ ಕೋಶಗಳ ಪಾಲು ಇಳಿಯಿತು. ಆದರೂ ರಕ್ತದಲ್ಲಿ ತಿರುಗುವ ಸಹಜ ಕೊಲೆಗಾರ ಕೋಶಗಳು, ಅಂದರೆ ಎನ್‌ಕೆ ಕೋಶಗಳು ಬೀಟಾ, ಗಾಮಾಗಳ ಮೂಲಕ ಅಣುವನ್ನು ಹಿಡಿಯುತ್ತಲೇ ಇದ್ದವು. ಇಲಿಗಳ ತೂಕ ನಿಧಾನವಾಗಿಯಾದರೂ ಇಳಿಯಿತು. ಆಲ್ಫಾ ಕಡೆಗಿನ ಒಲವನ್ನು ಬೇರೆ ದಾರಿಯಲ್ಲಿ ಕುಗ್ಗಿಸಿದ, ಐಎಲ್-2ರದೇ ಇನ್ನೊಂದು ರೂಪವಾದ ಬೆಂಪೆಗಾಲ್ಡೆಸ್‌ಲ್ಯೂಕಿನ್ 2022ರಲ್ಲಿ ಮೆಲನೋಮದ ಮೂರನೇ ಹಂತದ ಪರೀಕ್ಷೆಯಲ್ಲಿ ಸೋತಿತು. ಅದರ ಸೋಲಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಆಲ್ಫಾ ಒಂದನ್ನು ನೋಡಿಕೊಂಡರೆ ಸಾಕೆಂಬ ನನ್ನ ಧೈರ್ಯ ಆಗಲೇ ಕರಗಿತ್ತು.

ಆಗ ಬೀಟಾ ಕೊಂಡಿಗೂ ಕೈ ಹಾಕಿದೆವು. 20 ಮತ್ತು 88ನೇ ಸ್ಥಾನಗಳು ಬೀಟಾವನ್ನು ಮುಟ್ಟುವ ಜಾಗಗಳು. ಅಲ್ಲಿ ಒಂದೊಂದೇ ಬದಲಾವಣೆ ಮಾಡಿ, ಬಿಗಿಯಿಂದ ಸಡಿಲದ ಕಡೆಗೆ ಇಳಿಯುವ ಏಣಿಯಂತೆ ರೂಪಗಳನ್ನು ಸಾಲಾಗಿ ತಯಾರಿಸಿದೆವು. ಅವನ್ನು ಅಳೆದದ್ದು ಐಎಲ್-2ರ ಸಂಕೇತ ಮುಟ್ಟಿದಾಗ ಕೋಶದೊಳಗೆ ಸ್ಟ್ಯಾಟ್-5 ಎಂಬ ಪ್ರೋಟೀನಿಗೆ ಫಾಸ್ಫೇಟ್ ಸೇರುವುದನ್ನು ನೋಡಿ. ಅಣು ಹಾಕಿ 37 ಡಿಗ್ರಿಯಲ್ಲಿ ಹದಿನೈದು ನಿಮಿಷ, ತಕ್ಷಣ ಕೋಶಗಳನ್ನು ಸ್ಥಿರಗೊಳಿಸಿ, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರಿಗೆ. ಐದು ನಿಮಿಷ ಹೆಚ್ಚುಕಡಿಮೆಯಾದರೂ ರೇಖೆ ಅಲುಗುತ್ತದೆ. ಆ ದಿನಗಳಲ್ಲಿ ಗಡಿಯಾರ ಹಿಡಿದು ಒಬ್ಬರು, ಪಿಪೆಟ್ ಹಿಡಿದು ಒಬ್ಬರು ನಿಲ್ಲುತ್ತಿದ್ದೆವು.

ಏಣಿಯ ನಡುವಿನಿಂದ ಕೆಳಗಿನ ಮೆಟ್ಟಿಲುಗಳ ರೂಪಗಳು ಸಾಮಾನ್ಯ ಟಿ ಕೋಶಗಳ ಮೇಲೆ ಸತ್ತಂತಿದ್ದವು, ರೇಖೆ ನೆಲಕ್ಕೆ ಅಂಟಿಕೊಂಡಿತ್ತು. ಅವನ್ನು ಎಸೆಯೋಣ ಎಂದವನು ನಾನೇ. ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಎಸೆಯುವ ಮುನ್ನ ಅವನ್ನು ಆ ಗುರುತು ಹೊತ್ತ ಟಿ ಕೋಶಗಳ ಮೇಲೆ ಒಮ್ಮೆ ಹಾಕಿ ನೋಡಿದರು. ನಡುವಿನ ಮೆಟ್ಟಿಲಿನ ಎರಡು ರೂಪಗಳು ಅಲ್ಲಿ ಎದ್ದು ಕೂತವು. ಗುರುತಿಲ್ಲದ ಕೋಶದಲ್ಲಿ ಏನೂ ಇಲ್ಲ, ಗುರುತಿರುವ ಕೋಶದಲ್ಲಿ ಬಲವಾದ ಸಂಕೇತ. ಐಎಲ್-2 ಕಟ್ಟದ ಬರೀ ಪ್ರತಿಕಾಯವನ್ನು ಮೊದಲು ಹಾಕಿ ಆ ಗುರುತನ್ನು ಮುಚ್ಚಿದರೆ ಸಂಕೇತ ಮತ್ತೆ ಮಲಗಿತು. ಇದಕ್ಕಿಂತ ಚೊಕ್ಕ ಪುರಾವೆ ನನಗೆ ಬೇಕಿರಲಿಲ್ಲ.

ಒಳಗುಟ್ಟು ಇಷ್ಟು. ದುರ್ಬಲಗೊಂಡ ಐಎಲ್-2 ತಾನಾಗಿ ಗ್ರಾಹಕವನ್ನು ಮುಟ್ಟಿದರೂ ನಿಲ್ಲಲಾರದು, ಜಾರಿ ಹೋಗುತ್ತದೆ. ಪ್ರತಿಕಾಯ ಕೋಶದ ಮೈಗೆ ಅದನ್ನು ಕಟ್ಟಿ ನಿಲ್ಲಿಸಿದಾಗ ಮಾತ್ರ ಜಾರಿದರೂ ದೂರ ಹೋಗದೆ, ಅಲ್ಲೇ ಪಕ್ಕದ ಗ್ರಾಹಕವನ್ನು ಮತ್ತೆ ಮತ್ತೆ ಮುಟ್ಟುತ್ತದೆ. ಹಿಡಿತದ ಕೊರತೆಯನ್ನು ಹತ್ತಿರವಿರುವಿಕೆ ತುಂಬಿಕೊಡುತ್ತದೆ. ಅತಿ ಸಡಿಲವಾದರೆ ಹತ್ತಿರವಿದ್ದೂ ಪ್ರಯೋಜನವಿಲ್ಲ; ಏಣಿಯ ಕೊನೆಯ ರೂಪಗಳು ಗುರುತಿರುವ ಕೋಶದಲ್ಲೂ ಏಳಲಿಲ್ಲ. ಇಲಿಗಳಲ್ಲಿ ನಡುವಿನ ರೂಪ ಕೊಟ್ಟಾಗ ತೂಕ ನಿಂತಿತು, ಗಡ್ಡೆಗಳು ಕುಗ್ಗಿದವು, ಏನನ್ನೂ ಹಿಡಿಯದ ಹೋಲಿಕೆಯ ಅಣು ಗಡ್ಡೆಗೆ ಏನೂ ಮಾಡಲಿಲ್ಲ. ವಿಳಾಸ ಈಗ ನಿಜವಾಗಿ ಪ್ರತಿಕಾಯದ್ದಾಗಿತ್ತು.

ಪೇಟೆಂಟ್ ವಕೀಲರ ಬಳಿ ಹೋದಾಗ ಅವರ ಮೊದಲ ಪ್ರಶ್ನೆ: "ಡಾಕ್ಟರೇ, ನೀವು ಕಂಡುಹಿಡಿದದ್ದು ಏನು? ಒಂದೇ ವಾಕ್ಯದಲ್ಲಿ ಹೇಳಿ." ಪ್ರತಿಕಾಯಕ್ಕೆ ಐಎಲ್-2 ಕಟ್ಟಿದೆವು ಎಂದೆ. ಅದು ಹಳೆಯದು ಎಂದರು. ಐಎಲ್-2ನ್ನು ದುರ್ಬಲಗೊಳಿಸಿದೆವು ಎಂದೆ. ಅದೂ ಹಳೆಯದು. ಟಿ ಕೋಶಗಳ ಮೈಮೇಲಿನ ಪಿಡಿ-1 ಎಂಬ ಗುರುತನ್ನು ಹಿಡಿಯುವ ಪ್ರತಿಕಾಯಕ್ಕೆ ಬದಲಿಸಿದ ಐಎಲ್-2 ಕಟ್ಟಿ ಅದೇ ಟಿ ಕೋಶಕ್ಕೆ ತಲುಪಿಸಿದ ಕೆಲಸ 2022ರಲ್ಲಿ ಪ್ರಕಟವಾಗಿತ್ತು, ಅದನ್ನೂ ಮುಂದಿಟ್ಟರು. ಕೊನೆಗೆ ಉಳಿದದ್ದು ಸಣ್ಣದು, ಆದರೆ ಗಟ್ಟಿಯಾದದ್ದು: ಈ ಗುರುತು, ಈ ಪ್ರತಿಕಾಯ, ಈ ಎರಡು ಸ್ಥಾನಗಳಲ್ಲಿ ಇಂತಿಷ್ಟೇ ಸಡಿಲ.

ಇನ್ನೂ ಅಗಲವಾಗಿ ಕೇಳೋಣ ಎಂಬ ಆಸೆ ನನಗಿತ್ತು. ಆಗ ಅವರು ಆಮ್ಜೆನ್ ಮತ್ತು ಸನೋಫಿ ಎಂಬ ಔಷಧ ಕಂಪನಿಗಳ 2023ರ ವ್ಯಾಜ್ಯವನ್ನು ನೆನಪಿಸಿದರು. ಆಮ್ಜೆನ್ 26 ಪ್ರತಿಕಾಯಗಳ ಅಮೈನೊ ಆಮ್ಲಗಳ ಅನುಕ್ರಮ ಕೊಟ್ಟು, ರಕ್ತದಲ್ಲಿ ಕೊಲೆಸ್ಟರಾಲ್ ಏರಿಸುವ ಪಿಸಿಎಸ್‌ಕೆ9 ಪ್ರೋಟೀನನ್ನು ಅದೇ ಜಾಗದಲ್ಲಿ ಹಿಡಿದು ತಡೆಯುವ ಎಲ್ಲ ಪ್ರತಿಕಾಯಗಳ ಮೇಲೂ ಹಕ್ಕು ಕೇಳಿತ್ತು. ಮಿಕ್ಕವನ್ನು ಹುಡುಕಿಕೊಳ್ಳುವ ಹೊಣೆಯನ್ನು ಪೇಟೆಂಟ್ ಓದುವವನ ಮೇಲೆ ಹೊರಿಸಿದರೆ ಆಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಎಷ್ಟು ಕೇಳುತ್ತೀರೋ ಅಷ್ಟನ್ನು ಮಾಡಿ ತೋರಿಸಿರಬೇಕು. ನಾನು ಎಸೆಯಹೊರಟಿದ್ದ ಏಣಿಯ ರೂಪಗಳು ಇಲ್ಲಿ ಕೈಹಿಡಿದವು. ಯಾವುದು ಬಿಗಿ, ಯಾವುದು ಹದ, ಯಾವುದು ಅತಿ ಸಡಿಲ ಎಂಬ ಪೂರ್ತಿ ಕೋಷ್ಟಕ ನಮ್ಮಲ್ಲಿತ್ತು, ಸೋತವುಗಳ ಸಮೇತ. ಕಿರಿಯ ಸಹೋದ್ಯೋಗಿಯ ಹೆಸರು ಆವಿಷ್ಕಾರಕರ ಪಟ್ಟಿಯಲ್ಲಿ ಸೇರಿತು. ಸೇರದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ಸಮ್ಮೇಳನವೊಂದಕ್ಕೆ ಕಳಿಸಿದ್ದ ಸಾರಾಂಶವನ್ನು ಅದು ಅಚ್ಚಾಗುವ ಮುಂಚೆ ಹಿಂಪಡೆದದ್ದೂ ಆ ವಾರವೇ. ಅರ್ಜಿಗೂ ಮುಂಚೆ ಅದು ಹೊರಬಿದ್ದಿದ್ದರೆ ಹಲವು ದೇಶಗಳಲ್ಲಿ ನಮ್ಮ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು.

ಈಗ ನಮ್ಮ ಮುಂದಿರುವುದು ಮನುಷ್ಯರಿಗೆ ಮೊದಲ ಪ್ರಮಾಣ ಎಷ್ಟು ಎಂಬ ಲೆಕ್ಕ. ಈ ಮಾತು ಬಂದಾಗಲೆಲ್ಲ ನಾವು ಟಿಜಿಎನ್1412ರ ಕಡತ ತೆರೆಯುತ್ತೇವೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಟಿ ಕೋಶವನ್ನು ಎಬ್ಬಿಸುವ ಆ ಪ್ರತಿಕಾಯ ಕೊಟ್ಟರು. ಕೋತಿಗಳಿಗೆ ತೊಂದರೆ ಮಾಡದ ಪ್ರಮಾಣದ 500ನೇ ಒಂದು ಪಾಲು ಅದು. ಆದರೂ ಗಂಟೆಗಳಲ್ಲಿ ಆರೂ ಮಂದಿ, ರೋಗನಿರೋಧಕ ಸಂಕೇತಗಳು ಒಮ್ಮೆಗೇ ಉಕ್ಕುವ ಸೈಟೊಕೈನ್ ಬಿರುಗಾಳಿಗೆ ಸಿಕ್ಕಿ ತೀವ್ರ ನಿಗಾ ಘಟಕ ಸೇರಿದರು, ಎಲ್ಲರೂ ಬದುಕುಳಿದರು. ಮನುಷ್ಯರಲ್ಲಿ ಸಿಡಿದೆದ್ದ ಬಗೆಯ ಟಿ ಕೋಶಗಳ ಮೇಲೆ ಆ ಕೋತಿಗಳಲ್ಲಿ ಸಿಡಿ28 ಎಂಬ ಗುರಿಯೇ ಇರಲಿಲ್ಲ. ಹಾಗಾಗಿ ಪ್ರಾಣಿಗಳು ಎಷ್ಟು ತಡೆದುಕೊಂಡವು ಎಂಬುದರಿಂದ ನಾವು ಲೆಕ್ಕ ಶುರುಮಾಡಿಲ್ಲ. ಮನುಷ್ಯರ ಕೋಶದಲ್ಲಿ ಅತಿ ಕಡಿಮೆ ಎಷ್ಟಕ್ಕೆ ಸ್ಟ್ಯಾಟ್-5 ಮಿಸುಕುತ್ತದೆ ಎಂಬುದರಿಂದ ಶುರುಮಾಡಿದ್ದೇವೆ. ಬೇರೆ ಬೇರೆ ದಾನಿಗಳ ರಕ್ತದಲ್ಲಿ, ಹದಿನೈದು ನಿಮಿಷ ಎಣಿಸಿಕೊಂಡು, ಕುದಿಸಿದ ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ರೇಖೆಯನ್ನು ಮತ್ತೆ ಬಿಡಿಸುತ್ತಿದ್ದೇವೆ.