ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿಗೆ ಇಲಿ ಹೊಗದಂತೆ ನೋಡಿಕೊಳ್ಳುವ ಬಗೆ

ಮಗಳ ಬಾಣಂತನಕ್ಕೆಂದು ಆರು ತಿಂಗಳು ವಿದೇಶಕ್ಕೆ ಹೋಗುವವರು, ಮಳೆಗಾಲದಲ್ಲಿ ಮಲೆನಾಡಿನ ಮನೆಗೆ ಬೀಗ ಹಾಕಿ ಪೇಟೆಯಲ್ಲಿ ಉಳಿಯುವವರು, ಕೆಲಸದ ನಿಮಿತ್ತ ಬೇರೆ ರಾಜ್ಯಕ್ಕೆ ಹೋಗಿ ವಾಹನವನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಿಡುವವರು, ಎಲ್ಲರೂ ಬ್ಯಾಟರಿ ಇಳಿಯುತ್ತದೆಂದೂ ಟೈರಿನ ಗಾಳಿ ಕಡಿಮೆಯಾಗುತ್ತದೆಂದೂ ಮೊದಲೇ ಯೋಚಿಸುತ್ತಾರೆ. ಇಲಿಯ ಯೋಚನೆ ಬರುವುದು ಸಾಮಾನ್ಯವಾಗಿ ಹಿಂತಿರುಗಿ ಬಂದು ಬಾನೆಟ್ ಎತ್ತಿದಾಗ. ಇಳಿದ ಬ್ಯಾಟರಿಯನ್ನು ಒಂದು ದಿನದಲ್ಲಿ ಚಾರ್ಜ್ ಮಾಡಿಸಬಹುದು. ಡ್ಯಾಶ್‌ಬೋರ್ಡಿನ ಹಿಂದೆ ಕಡಿದುಹೋದ ಒಂದು ವೈರನ್ನು ಹುಡುಕಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ. ಈ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಲು ಸಾಧ್ಯವಿದೆ. ನಿಲ್ಲಿಸುವ ಜಾಗ, ದಾರಿ ಮುಚ್ಚುವ ಲೋಹದ ಜಾಲರಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಒಬ್ಬ ಮನುಷ್ಯ, ಈ ಮೂರು ಸರಿಯಾಗಿದ್ದರೆ ಸ್ಪ್ರೇ, ಗುಳಿಗೆ, ಪುಡಿಗಳೆಲ್ಲ ಎರಡನೆಯ ಮಾತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲಿ ಕಾರಿಗೆ ಬರುವುದು ಮುಖ್ಯವಾಗಿ ಒಣಗಿದ, ಕತ್ತಲೆಯ, ಯಾರೂ ಅಲುಗಿಸದ ಜಾಗವನ್ನು ಹುಡುಕಿಕೊಂಡು. ಜೂನ್ ತಿಂಗಳ ಮಳೆಗೆ ಬಿಲಗಳಲ್ಲಿ ನೀರು ತುಂಬಿದಾಗ ಮತ್ತು ಭತ್ತದ ಕೊಯ್ಲು ಮುಗಿದು ಗದ್ದೆಗಳು ಬರಿದಾದಾಗ ಅವುಗಳ ಓಡಾಟ ಮನೆಗಳತ್ತ ಹೆಚ್ಚುತ್ತದೆ. ಇಲಿಯ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಕಡಿಯುವುದನ್ನು ನಿಲ್ಲಿಸಲಾರದು. ವೈರಿನ ಹೊದಿಕೆಯಲ್ಲಿ ಸೋಯಾ ಇರುವುದೇ ಇದಕ್ಕೆ ಕಾರಣವೆಂಬ ವಾದ ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಗಿದೆಯಾದರೂ, ಸೋಯಾದ ಸೋಂಕೇ ಇಲ್ಲದ ಹಳೆಯ ವಾಹನಗಳ ವೈರನ್ನೂ ಇಲಿಗಳು ಬಿಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ ಇಲಿಯ ಗರ್ಭಾವಧಿ ಸುಮಾರು ಮೂರು ವಾರ ಮಾತ್ರ; ತಿಂಗಳ ಮೊದಲಲ್ಲಿ ಒಳಹೊಕ್ಕ ಒಂದು ಹೆಣ್ಣಿಲಿ ತಿಂಗಳ ಕೊನೆಯೊಳಗೆ ಅಲ್ಲಿ ಮರಿಗಳನ್ನು ಇಟ್ಟಿರಬಹುದು.

ಆದ್ದರಿಂದ ಮೊದಲ ಕೆಲಸ ಜಾಗದ ಆಯ್ಕೆ. ಅಪಾರ್ಟ್‌ಮೆಂಟಿನಲ್ಲಿ ಕಸದ ಕೋಣೆ, ಚರಂಡಿಯ ಮುಚ್ಚಳ, ಪೈಪುಗಳು ಇಳಿಯುವ ಡಕ್ಟ್ ಇವುಗಳ ಪಕ್ಕದಲ್ಲೇ ನಿಮ್ಮ ಪಾರ್ಕಿಂಗ್ ಇದ್ದರೆ, ಹೋಗುವಷ್ಟು ಕಾಲಕ್ಕೆ ಬೇರೊಬ್ಬರ ಖಾಲಿ ಜಾಗವನ್ನು ಕೇಳಿ ಪಡೆಯುವುದು ಒಳ್ಳೆಯದು. ಊರಮನೆಯಲ್ಲಾದರೆ ಸೌದೆ ರಾಶಿ, ಹುಲ್ಲಿನ ಬಣವೆ, ಹಿಂಡಿ ಮೂಟೆ, ತೆಂಗಿನಕಾಯಿ ಕೂಡಿಟ್ಟ ಕೊಟ್ಟಿಗೆ ಇವುಗಳಿಂದ ದೂರವಿರಬೇಕು. ಮೇಲೆ ಬಾಗಿದ ಕೊಂಬೆಯೂ ಗೋಡೆಗೆ ಹಬ್ಬಿದ ಬಳ್ಳಿಯೂ ಇಲಿಗೆ ದಾರಿಯೇ. ಕಾರಿನ ಸುತ್ತ ಒಂದು ಮೀಟರಿನಷ್ಟು ನೆಲ ಖಾಲಿಯಾಗಿದ್ದರೆ ಸಾಕಷ್ಟು ಉಪಯೋಗವಾಗುತ್ತದೆ, ಏಕೆಂದರೆ ಇಲಿ ಬಯಲನ್ನು ದಾಟಲು ಹಿಂಜರಿಯುತ್ತದೆ, ಗೋಡೆಯ ಅಂಚನ್ನು ಹಿಡಿದೇ ಓಡಾಡುತ್ತದೆ.

ಕಾರಿನ ಒಳಭಾಗವನ್ನು ವ್ಯಾಕ್ಯೂಮ್ ಮಾಡಿಸಿ, ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕತ್ತು, ಕಡಲೆಕಾಯಿ, ದೇವಸ್ಥಾನದಿಂದ ತಂದು ಮರೆತ ಪ್ರಸಾದ, ತೆಂಗಿನಕಾಯಿ ಹೋಳು ಎಲ್ಲವನ್ನೂ ತೆಗೆಯಬೇಕು. ಟಿಶ್ಯೂ ಪೇಪರಿನ ಡಬ್ಬ, ಹಳೆಯ ಬಟ್ಟೆ, ದಿಂಬು ತಿನ್ನುವ ವಸ್ತುಗಳಲ್ಲವಾದರೂ ಗೂಡಿಗೆ ಬೇಕಾದ ಸಾಮಗ್ರಿಗಳು. ಅವೂ ಮನೆಯೊಳಗೆ ಹೋಗಲಿ.

ಇನ್ನು ದಾರಿ ಮುಚ್ಚುವ ವಿಷಯ. ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಸುಂಡಿಲಿಗೆ 6 ಮಿಲಿಮೀಟರಿನ ಸಂದಿ ಸಾಕು, ದೊಡ್ಡ ಇಲಿಗೆ 12 ಮಿಲಿಮೀಟರ್. ಟೈರನ್ನು ಹಿಡಿದು ಹತ್ತಿದ ಇಲಿ ಎಂಜಿನ್ ಕೋಣೆಯನ್ನು ಸೇರುವುದನ್ನು ಪೂರ್ತಿ ತಡೆಯಲಾಗದು, ಏಕೆಂದರೆ ಎಂಜಿನ್ನಿನ ಕೆಳಭಾಗ ತೆರೆದೇ ಇರುತ್ತದೆ. ಆದರೆ ಅಲ್ಲಿಂದ ಮುಂದಕ್ಕೆ ಹೋಗುವ ದಾರಿಗಳನ್ನು ತಡೆಯಬಹುದು. ಅತಿ ಮುಖ್ಯವಾದುದು ಮುಂಗಾಜಿನ ಕೆಳಗೆ, ವೈಪರುಗಳ ಬುಡದಲ್ಲಿರುವ ಹೊರಗಾಳಿಯ ಕಿಂಡಿ. ಇಲ್ಲಿಂದ ಇಳಿದ ಇಲಿ ಬ್ಲೋವರನ್ನೂ ಎಸಿ ಫಿಲ್ಟರನ್ನೂ ತಲುಪಿ ಅಲ್ಲಿಯೇ ಗೂಡು ಕಟ್ಟುತ್ತದೆ, ಫಿಲ್ಟರಿನ ಕಾಗದವನ್ನೇ ಹರಿದು ಹಾಸಿಗೆ ಮಾಡಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸುವ ಮುನ್ನ ಗಾಳಿ ಒಳಗೇ ಸುತ್ತುವಂತೆ ಮಾಡುವ ಗುಂಡಿಯನ್ನು ಒತ್ತಿಟ್ಟರೆ ಹೆಚ್ಚಿನ ಕಾರುಗಳಲ್ಲಿ ಈ ದಾರಿಯ ಒಳಬಾಗಿಲು ಮುಚ್ಚಿಕೊಳ್ಳುತ್ತದೆ. ಅದರ ಜೊತೆಗೆ ಕಿಂಡಿಯ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಸೊಳ್ಳೆ ಜಾಲರಿಯನ್ನಾಗಲಿ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ವೆಲ್ಡ್ ಮೆಶ್ಶನ್ನಾಗಲಿ ಬಿಗಿಯಾಗಿ ಕಟ್ಟಿಸಬೇಕು. ಕಿಟಕಿಗೆ ಹಾಕುವ ನೈಲಾನ್ ಅಥವಾ ಫೈಬರ್ ಜಾಲರಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿದುಹಾಕಬಲ್ಲದು. ಎಂಜಿನ್ನಿನ ಏರ್ ಫಿಲ್ಟರಿಗೆ ಗಾಳಿ ಹೋಗುವ ಕೊಳವೆಯ ಬಾಯಿ ಮತ್ತು ಸೈಲೆನ್ಸರಿನ ತುದಿ ಇವುಗಳಿಗೆ ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ನಾರನ್ನು ತುರುಕಬಹುದು. ಆದರೆ ಹಾಗೆ ಮಾಡಿದ ಕೂಡಲೇ ಎಲ್ಲೆಲ್ಲಿ ಏನನ್ನು ತುರುಕಿದೆ ಎಂದು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗಿಗೆ ಅಂಟಿಸಲೇಬೇಕು. ಅದನ್ನು ತೆಗೆಯದೆ ಯಾರೂ ಎಂಜಿನ್ ಚಾಲೂ ಮಾಡಬಾರದು. ವೈರಿಂಗ್ ಕನೆಕ್ಟರುಗಳ ಬಳಿ ಸ್ಟೀಲ್ ನಾರು ಬೇಡ, ಶಾರ್ಟ್ ಆಗುವ ಅಪಾಯವಿದೆ. ಹಿಂದಿನ ಬಂಪರಿನ ಮರೆಯಲ್ಲಿ ಡಿಕ್ಕಿಯ ಗಾಳಿ ಹೊರಹೋಗುವ ರಬ್ಬರ್ ಕಿಂಡಿಗಳಿರುತ್ತವೆ. ಸರ್ವಿಸಿಗೆ ಬಿಟ್ಟಾಗ ಅವು ಹರಿದಿಲ್ಲವೇ ಎಂದು ಮೆಕ್ಯಾನಿಕ್‌ರಿಂದ ನೋಡಿಸಿಕೊಳ್ಳಿ.

ನೆಲ ಮುಟ್ಟುವ ಉದ್ದದ ಕವರನ್ನು ಹೊದಿಸಿದರೆ ಧೂಳು ತಪ್ಪುತ್ತದೆ, ಆದರೆ ಕಾರಿನ ಕೆಳಗೆ ಇಲಿಗೆ ಬೇಕಾದ ಕತ್ತಲೆಯೇ ಸೃಷ್ಟಿಯಾಗುತ್ತದೆ. ಅಂಚನ್ನು ಮೇಲಕ್ಕೆ ಕಟ್ಟಿ ಗಾಲಿಗಳು ಕಾಣುವಂತೆ ಬಿಡುವುದು ಉತ್ತಮ. ಬೀಗ ಹಾಕಿದ ಸ್ವಂತ ಶೆಡ್ಡಿನಲ್ಲಿ ನಿಲ್ಲಿಸುವವರು ಬ್ಯಾಟರಿಯ ಮೈನಸ್ ತುದಿಯನ್ನು ಕಳಚಿ ಬಾನೆಟ್ಟನ್ನು ತೆರೆದೇ ಬಿಡಬಹುದು. ಬೆಳಕೂ ಗಾಳಿಯೂ ಆಡುವ ಕಡೆ ಇಲಿ ಗೂಡು ಕಟ್ಟಲು ಇಷ್ಟಪಡುವುದಿಲ್ಲ.

ವಾಸನೆಯ ಉಪಾಯಗಳನ್ನು ಕುರಿತು ಜನರಲ್ಲಿ ಬಹಳ ನಂಬಿಕೆಯಿದೆ. ಹೊಗೆಸೊಪ್ಪಿನ ಕಟ್ಟು, ಪುದೀನ ಎಣ್ಣೆ, ಅಂಗಡಿಯ ಸ್ಪ್ರೇ ಇವೆಲ್ಲ ಕೆಲವು ದಿನ ಕೆಲಸ ಮಾಡಬಹುದು; ವಾಸನೆ ಆರಿದ ಮೇಲೆ, ಅಥವಾ ಇಲಿಗೆ ಅದು ರೂಢಿಯಾದ ಮೇಲೆ, ಮರಿ ಹಾಕಲು ಜಾಗ ಹುಡುಕುತ್ತಿರುವ ಇಲಿಯನ್ನು ತಡೆಯಲಾರವು. ಹೊಗೆಸೊಪ್ಪು ಬಿಸಿ ಎಂಜಿನ್ನಿನ ಬಳಿ ಹೊತ್ತಿಕೊಳ್ಳುವ ವಸ್ತು ಎಂಬುದೂ ಗಮನದಲ್ಲಿರಲಿ. ಖಾರದ ಪುಡಿ ಉದುರಿಸಿದರೆ ಬ್ಲೋವರ್ ಹಾಕಿದ ದಿನ ಅದು ನಿಮ್ಮ ಕಣ್ಣಿಗೇ ಬರುತ್ತದೆ. ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ಲೇಪಿಸಿದ ಟೇಪನ್ನು ಹೋಂಡಾ ಕಂಪನಿ ಅಮೆರಿಕದಲ್ಲಿ ಮಾರುತ್ತದೆ. ವೈರಿಗೇ ಸುತ್ತುವ ಇಂತಹ ಟೇಪು ಗಾಳಿಯಲ್ಲಿ ಹಾರುವ ಪುಡಿಗಿಂತ ವಿವೇಕದ ಉಪಾಯ. ಡಾಂಬರು ಗುಳಿಗೆಗಳನ್ನು ಕಾರಿನೊಳಗೆ ಇಡಲೇಬಾರದು: ನ್ಯಾಫ್ತಲೀನ್ ಆವಿ ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳುತ್ತದೆ, ಮತ್ತು ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆಯಿರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ನಮ್ಮ ಕಿವಿಗೆ ಕೇಳದ ಶಬ್ದದಿಂದ ಇಲಿಯನ್ನು ಓಡಿಸುತ್ತವೆಂದು ಮಾರುವ ಶಬ್ದತರಂಗದ ಯಂತ್ರಗಳ ವಿಷಯದಲ್ಲಿ, ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ ಆಧಾರವಿಲ್ಲದ ಜಾಹೀರಾತಿನ ಬಗ್ಗೆ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ ಎಚ್ಚರಿಕೆ ಪತ್ರ ಬರೆದಿತ್ತು. ಕಾರಿನ ಬ್ಯಾಟರಿಗೆ ಜೋಡಿಸಿದರೆ ಇವು ಬ್ಯಾಟರಿಯನ್ನೂ ಇಳಿಸುತ್ತವೆ.

ಇಲಿ ಪಾಷಾಣವನ್ನು ಕಾರಿನಲ್ಲಾಗಲಿ ಅದರ ಸುತ್ತಲಾಗಲಿ ಇಡಬೇಡಿರೆಂದು ಒತ್ತಿ ಹೇಳಬೇಕಾಗಿದೆ. ತಿಂದ ಇಲಿ ಡ್ಯಾಶ್‌ಬೋರ್ಡಿನ ಹಿಂದೆ ಸತ್ತರೆ ಅದನ್ನು ತೆಗೆಯುವುದು ಕಷ್ಟ. ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆಗಳೂ ಸಾಯಬಹುದು. ಇಲಿ ಪಾಷಾಣವಾಗಿ ಬಳಸುವ ಹಳದಿ ರಂಜಕದ ಪೇಸ್ಟಿಗೂ ಜಿಂಕ್ ಫಾಸ್ಫೈಡಿಗೂ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಮಕ್ಕಳು ಆಡುವ ಪಾರ್ಕಿಂಗಿನಲ್ಲಿ ಅದಕ್ಕೆ ಜಾಗವಿರಕೂಡದು.

ಬೋನನ್ನು ಬಳಸಬಹುದು, ಆದರೆ ದಿನವೂ ನೋಡುವವರಿದ್ದರೆ ಮಾತ್ರ. ದೊಡ್ಡ ಇಲಿ ಹೊಸ ವಸ್ತುವನ್ನು ಕಂಡರೆ ಕೆಲವು ದಿನ ದೂರವಿರುತ್ತದೆಯಾದ್ದರಿಂದ, ಬೋನನ್ನು ಗೋಡೆಯ ಅಂಚಿಗಿಟ್ಟು, ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿಯನ್ನೋ ಒಣಮೀನನ್ನೋ ಕೆಲವು ರಾತ್ರಿ ತಿನ್ನಲು ಬಿಟ್ಟು ಆಮೇಲೆ ಹೂಡಬೇಕು.

ಊರಿನಲ್ಲಿಲ್ಲದಾಗ ಕೀಲಿಯನ್ನು ನಂಬಿಕೆಯ ನೆರೆಯವರಿಗೋ ಬಂಧುಗಳಿಗೋ ಕೊಟ್ಟು, ವಾರಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿ, ಎಲ್ಲ ಸರಿಯಿದ್ದರೆ, ತುರುಕಿದ ನಾರನ್ನು ತೆಗೆದು, ಅರ್ಧ ಗಂಟೆ ಓಡಿಸಿ ತರುವಂತೆ ಕೇಳಿಕೊಳ್ಳಿ. ನಾಲ್ಕೂ ಗಾಲಿಗಳ ಸುತ್ತ ರಂಗೋಲಿ ಪುಡಿಯನ್ನು ತೆಳುವಾಗಿ ಹರಡಿಸಿದರೆ ಇನ್ನೂ ಒಳ್ಳೆಯದು. ಇಲಿ ಬಂದಿದ್ದರೆ ಹೆಜ್ಜೆಯ ಗುರುತೂ ಬಾಲ ಎಳೆದ ಗೆರೆಯೂ ಅದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಕಲ್ಲಿನ ಪುಡಿಯನ್ನೇ ಬಳಸಬೇಕು, ಅಕ್ಕಿಹಿಟ್ಟನ್ನಲ್ಲ.

ಹಿಂತಿರುಗಿದ ದಿನ ಕೀಲಿ ತಿರುಗಿಸುವ ಮುನ್ನ ಬಾನೆಟ್ ಎತ್ತಿ. ಮೊದಲು ಟಾರ್ಚ್, ಆಮೇಲೆ ಕೈ. ಇಲಿಯ ಹಿಂದೆ ಕೇರೆಹಾವೂ ನಾಗರಹಾವೂ ಬರುವುದುಂಟು. ಹಿಕ್ಕೆ, ಮೂತ್ರದ ಘಾಟು, ಬಾನೆಟ್ಟಿನ ಒಳಹೊದಿಕೆಯ ಹರಿದ ಚೂರುಗಳು ಕಂಡರೆ ಏನನ್ನೂ ಮುಟ್ಟದೆ ಚಿತ್ರ ತೆಗೆದುಕೊಳ್ಳಿ, ವಿಮಾ ಕಂಪನಿಗೆ ಅವು ಬೇಕಾಗುತ್ತವೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಕಾರಿನ ಹಾನಿಗೆ ಏನೂ ಸಿಗುವುದಿಲ್ಲ. ಸಮಗ್ರ ವಿಮೆಯಿದ್ದವರು ಇಲಿಯ ಹಾನಿಯ ಬಗ್ಗೆ ಷರತ್ತು ಏನಿದೆಯೆಂದು ಹೊರಡುವ ಮುನ್ನವೇ ಓದಿಕೊಂಡಿರಬೇಕು. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್‌ರನ್ನು ಕರೆಸಿ.

ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸುವುದಾಗಲಿ ವ್ಯಾಕ್ಯೂಮ್ ಮಾಡುವುದಾಗಲಿ ಸಲ್ಲದು. ಮಾಸ್ಕ್, ರಬ್ಬರ್ ಕೈಗವಸು ಧರಿಸಿ, ಬಾಗಿಲುಗಳನ್ನು ಅರ್ಧ ಗಂಟೆ ತೆರೆದಿಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ವೈರು, ಕನೆಕ್ಟರುಗಳಿಗೆ ತಾಗದಂತೆ ಚಿಮುಕಿಸಿ, ಐದು ನಿಮಿಷದ ನಂತರ ಕಾಗದದಿಂದ ಒರೆಸಿ ಚೀಲದಲ್ಲಿ ಕಟ್ಟಿ ಎಸೆಯಬೇಕು. ಎಸಿ ಫಿಲ್ಟರನ್ನು ತೊಳೆಯದೆ ಹೊಸದನ್ನೇ ಹಾಕಿಸಬೇಕು. ಇಲಿಯ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಚರ್ಮದ ಗಾಯದ ಮೂಲಕ ಒಳಹೊಕ್ಕು ಇಲಿ ಜ್ವರವನ್ನು ತರುತ್ತದೆ. ಶುಚಿಗೊಳಿಸಿದ ಮೇಲಿನ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಂಡರೆ, ಇಲಿಯಿದ್ದ ಕಾರನ್ನು ತೊಳೆದ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು, ಏಕೆಂದರೆ ಈ ಜ್ವರಕ್ಕೆ ಬೇಗ ಆರಂಭಿಸಿದ ಆಂಟಿಬಯಾಟಿಕ್ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ.